ಮೊದಲು ನೀರು, ಆಮೇಲೆ ದಾರಿ

ನಿಟ್ಟೆಯ ಹತ್ತಿರ ದಾರಿ ತಪ್ಪಿ, ಕಟ್ಟಡ ಕೆಲಸದವರ ಶೆಡ್ಡಿನ ಮುಂದೆ ಕಾರು ನಿಲ್ಲಿಸಿದೆ. “ಚರ್ಚಿಗೆ ಹೇಗೆ ಹೋಗುವುದಮ್ಮಾ?” ಎಂದು ಬಾಗಿಲಲ್ಲಿದ್ದ ಹೆಂಗಸನ್ನು ಕೇಳಿದೆ. ನೀರಿಲ್ಲದವರಿಗೆ ನೆರವಾಗಿ ಎಂದು ಆ ಚರ್ಚಿನಲ್ಲಿ ನಾನು ಮಾತನಾಡಬೇಕಿತ್ತು.

“ಬಿಸಿಲಾಗ ಬಂದೀರಿ, ಮೊದ್ಲ ನೀರು ಕುಡೀರಿ ಅಕ್ಕಾರ,” ಎಂದು ಬಿಜಾಪುರ ಕಡೆಯ ಆ ಹೆಂಗಸು ಕೊಡ ಬಗ್ಗಿಸಿ ಚೊಂಬು ತುಂಬಿಸಿ ಕೊಟ್ಟಳು. ಗಟಗಟ ಕುಡಿದು ಮುಗಿಸಿದ ಮೇಲೆ ನೋಡಿದರೆ ಕೊಡ ಖಾಲಿ.

“ಟ್ಯಾಂಕರ್ ನಾಳಿಗೆ ಬರ್ತೈತ್ರಿ,” ಎಂದು ನಕ್ಕು ದಾರಿ ತೋರಿಸಿದಳು.

ಬಾವಿಯ ಬಳಿ ಪರಕುಲದ ಹೆಂಗಸೊಬ್ಬಳನ್ನು ಯೇಸು ನೀರು ಕೇಳಿದ ಕಥೆ ನನಗೆ ಬಾಯಿಪಾಠ. ಅಂದು ಚರ್ಚಿನಲ್ಲಿ ಅದನ್ನು ಹೇಳುವಾಗ ಆ ಖಾಲಿ ಕೊಡವೇ ನೆನಪಾಯಿತು. ಎಷ್ಟೋ ದೇಶಗಳ ನೀರು ಕುಡಿದಿದ್ದೇನೆ. ಮನಸ್ಸು ಹಂಬಲಿಸಿದ್ದು ಮಾತ್ರ ಮತ್ತೆ ಆ ಶೆಡ್ಡಿಗೇ.

ಸಂಜೆ ಇನ್ನಂಜೆಯ ನಮ್ಮ ಮನೆಯ ಬಾವಿಯಿಂದ ಎರಡು ಕ್ಯಾನ್ ನೀರು ತಂದು ಅವಳ ಕೊಡಕ್ಕೆ ಸುರಿದೆ. ಋಣ ತೀರಿತಲ್ಲ ಎನ್ನುವಷ್ಟರಲ್ಲಿ ಅವಳು ಮೊದಲ ಚೊಂಬು ತುಂಬಿಸಿ ನನಗೇ ಚಾಚಿದಳು.