ಎರಡು ಮೈಕಿನ ಪೆಟ್ಟಿಗೆ

ಗಲ್ಫಿನಲ್ಲಿ ಮಗನಿರುವ ಮನೆಗೆ ಊರಿನ ಅಂಗಡಿಯ ಕರೆಂಟು ಸಾಮಾನು ಹಿಡಿಸುವುದಿಲ್ಲ. ಫರಂಗಿಪೇಟೆಯ ನಮ್ಮ ಮನೆಯಲ್ಲೂ ಟಾರ್ಚಿನಿಂದ ಮಿಕ್ಸಿಯವರೆಗೆ ಎಲ್ಲವೂ ಅಣ್ಣ ಕಳಿಸಿದ್ದು, ರಜೆಗೆ ಬರುವ ಯಾರದೋ ಪೆಟ್ಟಿಗೆಯಲ್ಲಿ ಕಂಬಳಿ ಸುತ್ತಿಕೊಂಡು ಬಂದದ್ದು. ಆ ಹಾಳು ಪದ್ಧತಿಯನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ನನ್ನ ತಾಯಿ, ಉಮ್ಮ, ಮದರಂಗಿಯ ಹಾಡು ಹಾಡುವವರು. ಮದುಮಗಳ ಕೈಗೆ ಮದರಂಗಿ ಹಚ್ಚುವಾಗ ಒಬ್ಬರು ಒಂದು ಸಾಲು ಹಾಡುತ್ತಾರೆ, ಇನ್ನೊಬ್ಬರು ಕೈ ತಟ್ಟುತ್ತ ಮರುದನಿ ಕೊಡುತ್ತಾರೆ. ಸಾಲು ಉಮ್ಮನದು, ಮರುದನಿ ನನ್ನದು. ಮದುಮಗಳ ಬಾಲ್ಯದ ತಂಟೆಗಳನ್ನೆಲ್ಲ ಸೇರಿಸಿ ಅವರು ಅಲ್ಲಿಯೇ, ಆಗಲೇ ಹಾಡು ಕಟ್ಟುತ್ತಿದ್ದರು.

ಅವರ ಗಂಟಲಲ್ಲಿ ಗಡ್ಡೆ ಕಂಡಿತು. ಆಪರೇಷನ್ ಆಗಲೇಬೇಕು, ಸ್ವರ ಹೋದರೂ ಹೋಗಬಹುದು ಎಂದರು ಡಾಕ್ಟರು. ಉಮ್ಮ ಜೀವಕ್ಕೆ ಹೆದರಲಿಲ್ಲ. ನನ್ನ ತಂಗಿಯ ಮದುವೆ ನಿಶ್ಚಯವಾಗಿತ್ತಲ್ಲ, "ಸಣ್ಣವಳ ಮದರಂಗಿಗೆ ಹಾಡುವವರು ಯಾರು?" ಎಂದರು. ಆಪರೇಷನ್ನಿಗೆ ಮೊದಲೇ ಹಾಡಿಸಿ ಇಟ್ಟುಕೊಳ್ಳುವ ಎಂದು ಮೊಬೈಲಿನಲ್ಲಿ ಸ್ವಲ್ಪ ರೆಕಾರ್ಡ್ ಮಾಡಿ ಕೇಳಿಸಿದೆ.

"ಅಲ್ಲಾ, ಇದು ನಾನಾ? ಬಾವಿಗೆ ಬಿದ್ದವಳು ಬೊಬ್ಬೆ ಹಾಕಿದ ಹಾಗುಂಟು. ಅಳಿಸು!" ಎಂದು ನಾನು ಅಳಿಸುವವರೆಗೆ ಎದುರೇ ನಿಂತರು. ಚೆನ್ನಾಗಿ ಕೇಳುವುದಾದರೆ ಮಾತ್ರ ಹಾಡುವುದಂತೆ. ಹಠದಲ್ಲಿ ನಾನು ಅವರ ಮಗಳೇ ಹೌದು.

ಹಾಗಾಗಿ ಮೂಡುಬಿದಿರೆಯ ಒಂದು ಅಂಗಡಿಗೆ ಹೋದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಪೆಟ್ಟಿಗೆಗೆ ಸೌಂಡ್ ಕಾರ್ಡ್ ಎನ್ನುತ್ತಾರೆಂದು ನನಗೆ ಗೊತ್ತಾದದ್ದೇ ಅಲ್ಲಿ.

"ಮನೆಯಲ್ಲಿ ಶುರು ಮಾಡುವವರಿಗೆ ಒಂದು ಮೈಕಿನದ್ದು ಸಾಕು ಅಕ್ಕ," ಎಂದರು ಅಂಗಡಿಯವರು.

"ನಮ್ಮ ಹಾಡು ಒಬ್ಬರದ್ದಲ್ಲ. ಮರುದನಿ ಕೊಡ್ಲಿಕ್ಕೆ ಇನ್ನೊಬ್ಬರು ಬೇಕು."

"ಹಾಗಾದ್ರೆ ಎರಡು ಮೈಕಿನದ್ದು ತಕೊಳ್ಳಿ. ಇಲ್ಲೇ ಉಂಟಲ್ಲ."

ಪೆಟ್ಟಿಗೆ ನನ್ನ ಕೈಯಲ್ಲಿತ್ತು. ಫೋಟೊ ತೆಗೆದು ಅಣ್ಣನಿಗೆ ಕಳಿಸಿದೆ. ಕೂಡಲೇ ಫೋನ್ ಬಂತು.

"ಅಲ್ಲಿ ತಕೊಳ್ಬೇಡ ಮಾರಾಯ್ತಿ, ಎಲ್ಲ ಡೂಪ್ಲಿಕೇಟ್. ಉಮ್ಮನ ಸ್ವರಕ್ಕೆ ಒಳ್ಳೇದೇ ಬೇಕು. ಬರುವವರ ಕೈಯಲ್ಲಿ ನಾನು ಕಳಿಸ್ತೇನೆ."

ಮನೆಗೆ ಬಂದು ಉಮ್ಮನ ಹತ್ತಿರ ಜಗಳವಾಡಿದೆ. ಅವರು ಜಗ್ಗಲಿಲ್ಲ. "ಅವನು ಕಳಿಸ್ತೇನೆ ಅಂದ ಮೇಲೆ ಅಂಗಡಿಯಿಂದ ತಂದ್ರೆ ಅವನಿಗೆ ಬೇಜಾರಾಗ್ತದೆ. ಕಾಯುವ."

ಕಾದೆವು. ಬರಬೇಕಾದ ಒಬ್ಬರ ರಜೆ ಮುಂದೆ ಹೋಯಿತು. ಇನ್ನೊಬ್ಬರು ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾಯಿತೆಂದು ನಮ್ಮ ಸಾಮಾನನ್ನೇ ತೆಗೆದಿಟ್ಟು ಬಂದರು. ಅವರ ಚಾಕಲೇಟು ಮಾತ್ರ ಬಂತು, ಪುಣ್ಯಾತ್ಮರು! ಗಡ್ಡೆ ಯಾರ ರಜೆಗೂ ಕಾಯುವುದಿಲ್ಲ. ಆಪರೇಷನ್ ಆಯಿತು. ಉಮ್ಮ ಉಳಿದರು, ಸ್ವರ ಉಳಿಯಲಿಲ್ಲ.

ಗಾಯ ಒಣಗಿದ ಮೇಲೆ ಪೆಟ್ಟಿಗೆ ಬಂತು, ಕಂಬಳಿ ಸುತ್ತಿಕೊಂಡು. ಒಳಗಿಡಲು ಹೊರಟವಳನ್ನು ಉಮ್ಮ ತಡೆದು ಜೋಡಿಸಲು ಸನ್ನೆ ಮಾಡಿದರು. ಎರಡು ಮೈಕಿನ ಮುಂದೆ ಇಬ್ಬರೂ ಕುಳಿತೆವು. ಅವರು ಬಾಯಿ ತೆರೆದರು. ಕಂಪ್ಯೂಟರಿನಲ್ಲಿ ಸ್ವರದ ಗೆರೆ ಏಳಲೇ ಇಲ್ಲ. ನಾನು ಅವರ ಮೈಕಿನ ಸದ್ದು ಹೆಚ್ಚಿಸುವ ತಿರುಪನ್ನು ಪೂರ್ತಿ ತಿರುಗಿಸಿದೆ. ಫ್ಯಾನಿನ ಸದ್ದು ಜೋರಾಯಿತು, ಅಷ್ಟೇ. ನನಗೆ ಅಳು ತಡೆಯಲಾಗಲಿಲ್ಲ.

ಉಮ್ಮ ಅಳಲಿಲ್ಲ. ಕೈ ತಟ್ಟತೊಡಗಿದರು. ಅವರ ಒಂದು ಸಾಲಿನಷ್ಟು ಹೊತ್ತು ತಟ್ಟಿ ನನ್ನ ಕಡೆ ನೋಡಿದರು. ನಾನು ಮರುದನಿ ಹಾಡಿದೆ. ಮತ್ತೆ ತಟ್ಟಿದರು, ಮತ್ತೆ ಹಾಡಿದೆ. ತಂಗಿಗಾಗಿ ಅವರು ಮನಸ್ಸಿನಲ್ಲೇ ಏನು ಕಟ್ಟಿದರೋ, ನನಗೆ ತಿಳಿಯಲಿಲ್ಲ. ರೆಕಾರ್ಡಿಂಗಿನಲ್ಲಿರುವುದು ಆ ಚಪ್ಪಾಳೆ ಮತ್ತು ನನ್ನ ಉತ್ತರಗಳು.

ಅಷ್ಟರಲ್ಲಿ ಅಣ್ಣನ ಫೋನ್ ಬಂತು. ಬೈಯಲೇಬೇಕೆಂದು ನಾಲಗೆಯ ತುದಿಯಲ್ಲಿ ಎಷ್ಟೋ ಇಟ್ಟುಕೊಂಡಿದ್ದೆ. ಅವನು ಉಮ್ಮನ ಸ್ವರದ ಬಗ್ಗೆ ಕೇಳಲಿಲ್ಲ, ಕೇಳುವ ಧೈರ್ಯ ಅವನಿಗಿರಲಿಲ್ಲ.

"ಪೆಟ್ಟಿಗೆ ಹೇಗುಂಟು? ಕ್ಲಿಯರ್ ಬರ್ತದಾ?" ಎಂದ.

ಉಮ್ಮ ನನ್ನ ಮೊಣಕೈ ಹಿಡಿದು, ಬೇಡ ಎಂದು ತಲೆಯಾಡಿಸಿದರು.

"ಒಳ್ಳೇದುಂಟು ಅಣ್ಣ," ಎಂದೆ. "ನೀನು ಹೇಳಿದ್ದೇ ಸರಿ. ಊರಿನದ್ದರಲ್ಲಿ ಇಷ್ಟು ಕ್ಲಿಯರ್ ಬರ್ತಿರ್ಲಿಲ್ಲ."