ನೇಪಾಳದ ನೋಟು, ಮಾವನ ಲಿಂಗ

ನೇಪಾಳದಲ್ಲಿ ನನ್ನ ದುಡ್ಡು ಕಳುವಾಗಲಿಲ್ಲ. ಕಳುವಾಯಿತು ಎಂದು ಊರಲ್ಲಿ ಈಗಲೂ ಹೇಳುವವರಿದ್ದಾರೆ. ಆ ಮಾತು ಹಬ್ಬಿಸಿದವಳು ನಾನೇ. ಕಳ್ಳನೂ ಇರಲಿಲ್ಲ, ಮೋಸಗಾರನೂ ಇರಲಿಲ್ಲ. ನಾನು ಬಲು ಶಾಣ್ಯಾಕಿ ಎಂದು ತಿಳಿದುಕೊಂಡಿದ್ದೆ, ಆದದ್ದು ಅಷ್ಟೇ.

ಎಂಬತ್ತು ರೂಪಾಯಿಯ ನೇಪಾಳಿ ನೋಟುಗಳು ಇವತ್ತಿಗೂ ನನ್ನ ಟ್ರಂಕಿನ ತಳದಲ್ಲಿವೆ. ಅವುಗಳ ಮೇಲಿನ ರಾಜನ ಕಿರೀಟಕ್ಕೆ ಸಿಕ್ಕಿಸಿದ ಪುಕ್ಕ ನೋಡಿ ಮೊಮ್ಮಕ್ಕಳು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ರಾಜನನ್ನು ನೋಡಿ ಅಲ್ಲ.

ಎಪ್ಪತ್ತರ ದಶಕದ ನಡುವೆ ಇರಬೇಕು. ನಮ್ಮೂರು ಶಲವಡಿಯಲ್ಲಿ ಹತ್ತಿ ಬಿಡಿಸಿ ಮುಗಿದಿತ್ತು. ಹುಬ್ಬಳ್ಳಿಯಿಂದ ಯಾತ್ರೆಯ ಬಸ್ಸು ಹೊರಡುತ್ತದೆ ಎಂಬ ಸುದ್ದಿ ಬಂತು. ಮೊದಲು ನೇಪಾಳದ ಪಶುಪತಿನಾಥ, ತಿರುಗಿ ಬರುವಾಗ ಕಾಶಿ. ನನ್ನ ಅತ್ತೆಗೆ ಬೇಕಾಗಿದ್ದದ್ದು ಕಾಶಿ ಮಾತ್ರ. ಅಲ್ಲಿಯ ನಮ್ಮವರ ಮಠದಲ್ಲಿ ಸತ್ತವರ ಹೆಸರಿನಲ್ಲಿ ಸಣ್ಣದೊಂದು ಲಿಂಗ ಕೂರಿಸುವ ರೂಢಿಯಿದೆ. ಮಾವ ತೀರಿಕೊಂಡು ಮೂರು ವರ್ಷವಾಗಿತ್ತು. ಲಿಂಗಕ್ಕೂ ಪೂಜೆಗೂ ಕೂಡಿ ಇಪ್ಪತ್ತೊಂದು ರೂಪಾಯಿ ಎಂದು ಹೋಗಿ ಬಂದವರು ಹೇಳಿದ್ದರು. ಅತ್ತೆ ಬೆಣ್ಣೆ ಮಾರಿ ಮಾರಿ ಇಪ್ಪತ್ತೈದು ಮಾಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು.

ಆಕೆಯ ಜೊತೆಗೆ ನಾನು. ನನ್ನ ಗಂಡ ನನ್ನನ್ನು ಕಳಿಸಿದ್ದು ಭಕ್ತಿ ನೋಡಿ ಅಲ್ಲ. “ಅಣ್ಣಿಗೇರಿ ಸಂತ್ಯಾಗ ಮೆಣಸಿನಕಾಯಿ ಮಾರಾಕಿ ನೀ. ನಿನ್ನ ಯಾವ ದೇಶದಾಂವೂ ಮೋಸ ಮಾಡಾಂಗಿಲ್ಲ” ಅಂದ. ಆ ಮಾತು ನನ್ನ ತಲೆಗೆ ಏರಿ ಕೂತಿತು.

ಗಡಿಯ ಹತ್ತಿರ ಬಸ್ಸು ನಿಂತಾಗ ನೋಟು ಬದಲಾಯಿಸುವವರು ಸಾಲಾಗಿ ಕೂತಿದ್ದರು. ನಮ್ಮ ನೂರಕ್ಕೆ ಅವರ ನೂರಾ ಮೂವತ್ತೊಂಬತ್ತು. ಕೇಳಿ ನನ್ನ ಕಣ್ಣು ಅರಳಿದವು. ಸುಮ್ಮನೆ ಕೂತಲ್ಲಿ ಮೂವತ್ತೊಂಬತ್ತು ಲಾಭ!

ಬಸ್ಸಿನಲ್ಲಿ ಹಿಂದಿ ಬಲ್ಲವರೆಂದರೆ ಕಲಘಟಗಿಯ ಒಬ್ಬ ನಿವೃತ್ತ ಮಾಸ್ತರರು. ಅವರು ತಡೆದರು. “ತಂಗೀ, ಬದಲಿ ಮಾಡಬ್ಯಾಡ. ನಮ್ಮ ನೋಟು ಅಲ್ಲಿ ಎಲ್ಲಾರೂ ತೊಗೋತಾರ. ಹೋಗುವಾಗೊಮ್ಮೆ, ಬರುವಾಗೊಮ್ಮೆ ಯಾಕ ವಟ್ಟಾ ಕೊಡತಿ?” ವಟ್ಟಾ ಎಂದರೆ ನೋಟು ಬದಲಾಯಿಸುವವನು ತನ್ನ ಪಾಲಿಗೆ ಹಿಡಿದುಕೊಳ್ಳುವ ದುಡ್ಡು.

“ಮಾಸ್ತರ್ರ, ನೀವು ಸಾಲಿ ಕಲಿಸ್ರಿ. ವ್ಯಾಪಾರ ನನಗ ಬಿಡ್ರಿ” ಅಂದೆ. ನಾನು ಕಲಿತದ್ದು ಎರಡನೇ ಇಯತ್ತೆ.

ನನ್ನ ಎಪ್ಪತ್ತೈದು, ಅತ್ತೆಯ ಇಪ್ಪತ್ತೈದು. “ಅತ್ತೀ, ಗಂಟು ಬಿಚ್ಚರಿ. ನಿಮ್ಮ ದುಡ್ಡು ಮರಿ ಹಾಕತೈತಿ” ಅಂದೆ. ಆಕೆ ಒಂದು ಗಳಿಗೆ ನನ್ನ ಮುಖ ನೋಡಿ ಬಿಚ್ಚಿದಳು.

ನನಗೆ ಹಿಂದಿ ಬಾರದು. ಆದರೆ ನನ್ನ ಅಪ್ಪ ಎತ್ತಿನ ದಲಾಲಿ ಮಾಡುತ್ತಿದ್ದ. ಎತ್ತಿನ ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಒತ್ತುತ್ತಾರೆ. ಸರ್ಕಾರ ಗೊತ್ತು ಮಾಡಿದ ದರ, ಚೌಕಾಶಿ ಇಲ್ಲ ಎಂದು ಮಾಸ್ತರರು ಹೇಳುತ್ತಲೇ ಇದ್ದರು. ನಾನು ಸೀದಾ ಹೋಗಿ ಒಬ್ಬನ ಕೈಯ ಮೇಲೆ ಸೆರಗು ಹಾಕಿ, ಬೆರಳು ಹಿಡಿದು ಒತ್ತಿದೆ. ಅವನು ಹಾವು ಕಡಿದವನ ಹಾಗೆ ಕೈ ಎಳೆದುಕೊಂಡ. ಸಾಲಿನವರೆಲ್ಲ ನಕ್ಕರು.

“ಏ ಹುಚ್ಚೀ, ಪರಗಂಡಸಿನ ಕೈ ಯಾಕ ಹಿಡೀತಿ ಬೇ!” ಎಂದು ಅತ್ತೆ ಹಿಂದಿನಿಂದ ನನ್ನ ಜಡೆ ಜಗ್ಗಿದಳು.

ಆ ಮನುಷ್ಯ ಈ ಪೀಡೆ ತೊಲಗಿದರೆ ಸಾಕು ಎಂದು ನೂರಾ ನಲವತ್ತು ಎಣಿಸಿ ಕೊಟ್ಟ. ಒಂದು ರೂಪಾಯಿ ಹೆಚ್ಚು! ಕಠ್ಮಂಡು ಮುಟ್ಟುವವರೆಗೆ ಆ ಒಂದು ರೂಪಾಯಿಯ ಕಥೆಯನ್ನು ಬಸ್ಸಿನ ಎಲ್ಲರಿಗೂ ಎರಡೆರಡು ಸಲ ಹೇಳಿದೆ. ಅಲ್ಲಿ ಚಹದ ಅಂಗಡಿಯವ ಮಾಸ್ತರರ ಕಡೆ ನಮ್ಮ ನಾಣ್ಯವನ್ನೇ ತೆಗೆದುಕೊಂಡ. ನನ್ನ ಕಡೆ ನೇಪಾಳದ ನಾಣ್ಯ ತೆಗೆದುಕೊಂಡ, ಆದರೆ ಲೆಕ್ಕಕ್ಕೆ ಸರಿಯಾಗಿ ಹೆಚ್ಚು ತೆಗೆದುಕೊಂಡ. ನನ್ನ ಮೂವತ್ತೊಂಬತ್ತರ ಲಾಭ ಎಲ್ಲಿ ಹೋಗುತ್ತಿದೆ ಎಂದು ಆಗ ಸ್ವಲ್ಪ ಹೊಳೆಯಿತು. ಯಾರಿಗೂ ಹೇಳಲಿಲ್ಲ.

ತಿರುಗಿ ಗಡಿಗೆ ಬಂದಾಗ ನನ್ನ ಹತ್ತಿರ ಅವರ ಎಂಬತ್ತು ಉಳಿದಿತ್ತು. ಬದಲಾಯಿಸುವವನು ನಮ್ಮ ಐವತ್ತೈದು ಕೊಡುತ್ತೇನೆ ಅಂದ. ಲೆಕ್ಕಕ್ಕೆ ಐವತ್ತೇಳರ ಮೇಲೆ ಬರಬೇಕು ಎಂದು ಮಾಸ್ತರರೇ ಹೇಳಿದ್ದರು. “ಎರಡು ರೂಪಾಯಿ ಯಾಕ ಬಿಡ್ಲಿ? ಬ್ಯಾಂಕಿನ್ಯಾಗ ವಟ್ಟಾ ಇಲ್ಲಂತ, ಬ್ಯಾಂಕಿಗೆ ಹೋಗೂಣು” ಎಂದು ಅತ್ತೆಯನ್ನು ಎಳೆದುಕೊಂಡು ಹೋದೆ. ಬ್ಯಾಂಕಿಗೆ ಬೀಗ.

“ಇವತ್ತ ಶನಿವಾರ ಅಲ್ಲೇನವಾ. ಈ ದೇಶದಾಗ ಸೂಟಿ ಶನಿವಾರ” ಅಂದರು ಮಾಸ್ತರರು.

“ಶನಿ ನಿನ್ನ ಬೆನ್ನ ಹತ್ತಿ ಶಲವಡಿಯಿಂದ ಇಲ್ಲೀತನಕಾ ಬಂದಾನ ನೋಡು” ಅಂದಳು ಅತ್ತೆ.

ಡ್ರೈವರು ಹಾರ್ನ್ ಹೊಡೆಯುತ್ತಿದ್ದ. ಗಡಿ ದಾಟಿ ಈಚೆಗೆ ಬಂದರೆ ಇಲ್ಲಿಯ ನೋಟು ಬದಲಾಯಿಸುವವರು ಐವತ್ತೇ ಅಂದರು. ಆಗ ಕೊಡಬೇಕಿತ್ತು. ಆದರೆ ದರ ಬಿದ್ದಾಗ ಸಂತೆಯಿಂದ ಮೆಣಸಿನಕಾಯಿ ಚೀಲ ಮನೆಗೆ ಹೊತ್ತೊಯ್ದು, ಏರುವವರೆಗೆ ಕಾಯುವವಳು ನಾನು. ನೋಟನ್ನೂ ಹಾಗೇ ಹೊತ್ತುಕೊಂಡು ಕಾಶಿಗೆ ಹೋದೆ. ಮೆಣಸಿನಕಾಯಿ ಮಾರಲಾಗದಿದ್ದರೆ ಚಟ್ನಿಯಾದರೂ ಆಗುತ್ತದೆ ಎಂಬುದು ತಲೆಗೆ ಬರಲಿಲ್ಲ.

ಕಾಶಿಯ ಬ್ಯಾಂಕಿನವರು ಆ ನೋಟನ್ನು ಮುಟ್ಟಲಿಲ್ಲ. ಘಾಟಿನ ಹತ್ತಿರದ ಒಬ್ಬ ಮಣಿಸರದ ವ್ಯಾಪಾರಿ ತಿರುವಿ ಮುರುವಿ ನೋಡಿ ಇಪ್ಪತ್ತೈದು ಅಂದ. ಇಪ್ಪತ್ತೈದು! ಲಿಂಗಕ್ಕೆ ಬೇಕಾದದ್ದು ಇಪ್ಪತ್ತೊಂದು. ಅತ್ತೆ ನನ್ನ ರಟ್ಟೆ ಹಿಂಡಿದಳು: “ಕೊಟ್ಟು ಬಿಡ ಲೇ.”

“ಸುಮ್ಮನಿರ್ರಿ. ಹತ್ತು ಹೆಜ್ಜಿ ಹೋದ್ರ ಕರದು ಮೂವತ್ತು ಕೊಡತಾನ” ಅಂದೆ. ಸಂತೆಯಲ್ಲಿ ಎಲ್ಲರೂ ಕರೆಯುತ್ತಾರೆ. ಹತ್ತು ಹೆಜ್ಜೆ ಹೋದೆ. ಕರೆಯಲಿಲ್ಲ. ಇನ್ನೂ ಐದು ಹೋದೆ. ತಿರುಗಿ ನೋಡಿದರೆ ಅವನು ಬೇರೆ ಗಿರಾಕಿಗೆ ಸರ ತೋರಿಸುತ್ತಿದ್ದ. ಮೋರೆ ಕೆಳಗೆ ಹಾಕಿಕೊಂಡು ಹೋಗಿ ಇಪ್ಪತ್ತೈದೇ ಕೊಡು ಎಂದು ಬೆರಳು ತೋರಿಸಿದೆ. ಅವನು ತಲೆ ಅಲ್ಲಾಡಿಸಿ, ಕೈಯಿಂದ ಹೋಗು ಅಂದ. ಬಹುಶಃ ನೋಟು ಖೋಟಾ ಇರಬೇಕು ಎಂದುಕೊಂಡನೋ ಏನೋ.

ಅತ್ತೆ ನನ್ನ ಮುಂದೆ ಮುಂದೆ ನಡೆದು ಮಠಕ್ಕೆ ಬಂದಳು. ಮೆಟ್ಟಿಲ ಮೇಲೆ ಕೂತು ಹೇಳಿದಳು: “ನಿಮ್ಮ ಮಾವನೂ ಹಿಂಗ ದರಾ ಏರಲಿ ಅಂತ ಕುಂತು ಕುಂತು, ಎರಡು ವರ್ಷದ ಜ್ವಾಳಕ್ಕ ಹುಳಾ ಹಿಡಿಸಿದಾಂವ. ಈಗ ಸೊಸಿ ಅವನ ಲಿಂಗಕ್ಕ ಹಿಡಿಸಿದ್ಲು.”

ಮಾಸ್ತರರನ್ನು ಸಾಲ ಕೇಳಬಹುದಿತ್ತು. ಕೇಳಿದ್ದರೆ ಕೊಡುತ್ತಿದ್ದರು ಕೂಡ, ಆದರೆ ಜೊತೆಗೆ ಒಂದು ಪಾಠವನ್ನೂ ಕೊಡುತ್ತಿದ್ದರು. ಮರುದಿನ ಮಧ್ಯಾಹ್ನದ ಪೂಜೆಯಾದ ಮೇಲೆ ಬಸ್ಸು ಊರ ಕಡೆ ಹೊರಡುವುದಿತ್ತು.

ಮರುದಿನ ಬೆಳಿಗ್ಗೆ ನಾನು ಬಸ್ಸಿನ ಮೇಲಿಂದ ಊರಿಂದ ಕಟ್ಟಿಕೊಂಡು ಬಂದಿದ್ದ ರೊಟ್ಟಿಯ ಚೀಲ ಇಳಿಸಿದೆ. ಬಸ್ಸಿನವರು ಅನ್ನ ಸಾರು ಹಾಕುತ್ತಿದ್ದುದರಿಂದ ಒಣಗಿಸಿದ ಜೋಳದ ಕಟಕ ರೊಟ್ಟಿ ನೂರರ ಹತ್ತಿರ ಉಳಿದಿದ್ದವು, ಶೇಂಗಾ ಚಟ್ನಿ ಒಂದು ಡಬ್ಬಿ. ವಿಜಾಪುರದ ಕಡೆಯ ಯಾತ್ರೆಯವರು ಎರಡು ಬಸ್ಸು ತುಂಬಿ ಬಂದು ಮಠದಲ್ಲಿ ಇಳಿದಿದ್ದರು. ಪೂರಿ ತಿಂದು ತಿಂದು ಅವರ ನಾಲಿಗೆ ಕೆಟ್ಟಿತ್ತು. ಅಂಗಳದ ಮೂಲೆಯಲ್ಲಿ ಅರಿವೆ ಹಾಸಿ ಕೂತೆ. “ರೊಟ್ಟಿ, ಮ್ಯಾಲ ಚಟ್ನಿ, ಎಂಟಾಣಿ. ಒಂದ ಮಾತು!” ಎಂದು ಕೂಗಿದೆ. ಅತ್ತೆ ಬಾಜೂಕ್ಕೆ ಕೂತು, ಬಂದ ಚಿಲ್ಲರೆಯನ್ನು ನನ್ನ ಕೈಗೆ ಬರಗೊಡದೆ ತಾನೇ ಇಸಿದುಕೊಂಡು ಸೆರಗಿಗೆ ಕಟ್ಟುತ್ತಿದ್ದಳು.

ಒಬ್ಬ ಹೆಣ್ಣುಮಗಳು ಬಂದು ರೊಟ್ಟಿ ಮುರಿದು ನೋಡಿದಳು. “ಎಂಟಾಣಿ ಭಾಳಾತು ಬಿಡ್ರಿ. ನಾಕಾಣಿ ಮಾಡ್ರಿ, ಇಪ್ಪತ್ತು ಒಯ್ತೀನಿ” ಅಂದಳು. ಆಗುವುದಿಲ್ಲ ಎಂದೆ. ಆಕೆ ಎದ್ದು ನಡೆದಳು. ನಾನು ಹೆಜ್ಜೆ ಎಣಿಸಿದೆ. ಮೂರನೆಯ ಹೆಜ್ಜೆಗೇ, “ಯಕ್ಕಾ, ಬರ್ರಿ, ಒಯ್ರಿ” ಎಂದು ಕರೆದು ನಾಲ್ಕಾಣೆಯ ಹಾಗೆ ಇಪ್ಪತ್ತು ರೊಟ್ಟಿ ಕಟ್ಟಿಕೊಟ್ಟೆ. ಪೂಜೆಯ ಗಂಟೆ ಬಾರಿಸುವುದಕ್ಕೆ ಮೊದಲೇ ಚೀಲ ಖಾಲಿಯಾಯಿತು. ಅತ್ತೆ ಗಂಟು ಬಿಗಿದು, ಮಾವನ ಹೆಸರು ಬರೆಸಲು ಒಳಗೆ ಹೋದಳು. ನಾನು ಅರಿವೆ ಝಾಡಿಸಿ ಆಕೆಯ ಹಿಂದೆ ಹೋದೆ.