ಕುಸುಬಿ ಎಣ್ಣೆ ಕುಡಿದ ಮಾವ

ನನ್ನ ಮಾವನ ಎರಡೂ ಕಣ್ಣಿನ ರೆಪ್ಪೆಯ ಮೇಲೆ, ಮೂಗಿನ ಪಕ್ಕದಲ್ಲಿ, ಕಡಲೆಬೇಳೆಯಷ್ಟಗಲ ಹಳದಿ ಗಂಟುಗಳಿದ್ದವು. ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಅವರಿಗೆ ಅದು ಲಕ್ಷ್ಮಿ ಒತ್ತಿದ ಮುದ್ರೆ ಎಂದು ಅತ್ತೆ ಹೇಳಿಕೊಂಡು ತಿರುಗುತ್ತಿದ್ದರು. ನಾನು ಮದುವೆಯಾಗಿ ಬಂದ ಎರಡನೇ ವರ್ಷ, ಎಪ್ಪತ್ತರ ದಶಕದ ಕೊನೆಯಲ್ಲಿ, ಎದೆನೋವೆಂದು ರಾಯಚೂರಿಗೆ ಹೋದಾಗ ಡಾಕ್ಟರು ಮೊದಲು ಬೆರಳಿಟ್ಟದ್ದೇ ಆ ಗಂಟುಗಳ ಮೇಲೆ. ರಕ್ತದಲ್ಲಿ ಕೊಬ್ಬು ಏರಿ ಹೃದಯದ ನಾಳಗಳು ಒಳಗೊಳಗೇ ಕಿರಿದಾಗುತ್ತಿವೆ, ತುಪ್ಪ ಬಿಟ್ಟು ಕುಸುಬಿ ಎಣ್ಣೆ ಬಳಸಿ ಎಂದರು. ಅತ್ತೆ ಮತ್ತೆ ಲಕ್ಷ್ಮಿಯ ಮಾತೆತ್ತಲಿಲ್ಲ.

ಹಳ್ಳಿಯಲ್ಲಿದ್ದಾಗ ಮಾವ ಉಂಡದ್ದೆಲ್ಲ ಕುಸುಬಿ ಎಣ್ಣೆಯನ್ನೇ. ಗಿರಣಿ ಕೈಹತ್ತಿದ ಮೇಲೆ ಅದು ಬಡವರ ಎಣ್ಣೆಯಾಗಿ, ಮನೆಗೆ ಡಬ್ಬಿ ತುಪ್ಪ ಬಂದಿತ್ತು. ಈಗ ಡಾಕ್ಟರ ಚೀಟಿಯಲ್ಲಿ ಬರೆಸಿಕೊಂಡು ಬಂದದ್ದರಿಂದ ಅದೇ ಎಣ್ಣೆ ಔಷಧಿಯಾಯಿತು. ಬೆಳಿಗ್ಗೆ ಎದ್ದು ಒಂದು ಬಟ್ಟಲು ಎಣ್ಣೆಯನ್ನು ಮೂಗು ಹಿಡಿದು ಗಟಗಟ ಕುಡಿಯುವರು. ಆಮೇಲೆ ರೊಟ್ಟಿಗೆ ಎಂದಿನಂತೆ ತುಪ್ಪ.

"ಔಷಧಿ ಕುಡ್ದೀನಲ್ಲ, ಅದು ಇದನ್ನ ಕರಗಸ್ತದ," ಎನ್ನುವರು.

ಆ ಮನೆಯಲ್ಲಿ ಸೊಸೆ ಮಾವನೆದುರು ನಿಂತು ಮಾತಾಡುವ ರೂಢಿ ಇರಲಿಲ್ಲ. ಅಡುಗೆಮನೆಯ ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಾನು ಹಲ್ಲು ಕಡಿಯುತ್ತಿದ್ದೆ.

ಊರಲ್ಲಿ ಸುದ್ದಿ ಹರಡಿದ್ದೇ ತಡ, ಬಂದವರೆಲ್ಲ ವೈದ್ಯರಾದರು. ದೇವದುರ್ಗದ ಪಂಡಿತರು ಗುಗ್ಗುಳ ಕೊಟ್ಟರು. ನಾವು ಕೆಂಡಕ್ಕೆ ಹಾಕಿ ದೇವರಿಗೆ ಹೊಗೆ ಹಿಡಿಯುವ ಅಂಟು ಅದು, ಅದನ್ನು ಶುದ್ಧ ಮಾಡಿ ಉಂಡೆ ಕಟ್ಟಿದ್ದರು. ಬೀಗರು ಬಳ್ಳೊಳ್ಳಿ ಎಂದರು, ಗಿರಣಿಯ ಹಮಾಲರು ಅಗಸಿ ಬೀಜ ಕುಟ್ಟಿದ ಹಿಂಡಿ ಎಂದರು. ಮಾವ ಯಾರ ಮನಸ್ಸನ್ನೂ ನೋಯಿಸದೆ ಎಲ್ಲವನ್ನೂ ತಂದು ಕಿಟಕಿಯಲ್ಲಿ ಸಾಲಾಗಿ ಇಟ್ಟರು. ಒಂದು ಮಧ್ಯಾಹ್ನ ಬಾಗಿಲ ಆಚೆ ಬಂದು ಕೆಮ್ಮಿದರು.

"ಯವ್ವಾ, ನೀ ಸೈನ್ಸ್ ಕಲ್ತಾಕಿ. ಒಬ್ಬೊಬ್ರು ಒಂದೊಂದು ಹೇಳಾಕತ್ತಾರ, ನನಗ ತಲಿ ಕೆಟ್ಟದ. ಯಾವುದು ತಿನ್ಲಿ ನೀನ ಹೇಳು. ನೀ ಹೇಳಿದ್ದ ಖರೆ."

ನನ್ನ ಸೈನ್ಸ್ ಎಂದರೆ ಪಿಯುಸಿ, ಕೊಯ್ದದ್ದು ಒಂದು ಕಪ್ಪೆ. ಗೊತ್ತಿಲ್ಲ ಎನ್ನಬೇಕಿತ್ತು. ಆದರೆ ಆ ಮನೆಗೆ ಬಂದ ಮೇಲೆ ಉಪ್ಪು ಸರಿಯಾಗಿದೆಯೇ ಎಂಬುದನ್ನು ಬಿಟ್ಟು ಯಾರೂ ನನ್ನನ್ನು ಏನೂ ಕೇಳಿರಲಿಲ್ಲ.

"ಬಳ್ಳೊಳ್ಳಿ, ಅಗಸಿ ಹಿಂಡಿ ಸಾಕ್ರಿ. ಎಣ್ಣಿ ಕುಡಿಯೂದಲ್ಲ, ಅಡಗಿಗೆ. ತುಪ್ಪ ಬಂದ್. ಗುಗ್ಗುಳ ಬ್ಯಾಡ್ರಿ," ಎಂದೆ.

ಗುಗ್ಗುಳ ಬೇಡವೆಂದದ್ದು ಅದರ ನಾತ ನನಗೆ ಆಗದು ಎಂಬುದಕ್ಕಷ್ಟೇ. ಮಾವ ಆಗಲೇ ಆ ಉಂಡೆಗಳನ್ನು ಹಿತ್ತಲಿಗೆ ಎಸೆದರು. ಮುಂದೆ ಹತ್ತು ವರ್ಷ, ಮದುವೆಮನೆಯ ಪಂಕ್ತಿಯಲ್ಲಿ ಕೂತರೂ, "ನಮ್ಮ ಸೊಸಿ ಬ್ಯಾಡ ಅಂದಾಳ," ಎಂದು ತುಪ್ಪಕ್ಕೆ ಕೈ ಅಡ್ಡ ಹಿಡಿಯುತ್ತಿದ್ದರು. ನನಗೆ ಹೆಮ್ಮೆಯೂ ಆಗುತ್ತಿತ್ತು, ಗೊತ್ತಿಲ್ಲದೆ ಹೇಳಿದೆನಲ್ಲ ಎಂಬ ಅಳುಕೂ ಇತ್ತು.

ಎಂಬತ್ತರ ದಶಕದ ಕೊನೆಯಲ್ಲಿ ಮತ್ತೆ ನೋವು ಬಂತು. ರಾಯಚೂರಿನ ಆಸ್ಪತ್ರೆಯಿಂದ ಮನೆಗೆ ಕಳಿಸಿದ ವಾರವೇ ನಾನು ಪೇಪರಿನಲ್ಲಿ ಓದಿದೆ: ಕೊಬ್ಬು ಇಳಿಸಲು ಗುಗ್ಗುಳದಿಂದಲೇ ಗುಳಿಗೆ ಮಾಡಿದ್ದಾರೆ. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಅವರ ಮಂಚದ ಎದುರಿಗೇ ಹೋಗಿ ನಿಂತೆ.

"ಮಾವಾರ, ಗುಗ್ಗುಳ ಬ್ಯಾಡ ಅಂದಿದ್ನಲ್ಲ, ಅದರ ನಾತ ಸೇರಂಗಿಲ್ಲ ಅಂತ ಅಂದಿದ್ದೆ. ನನಗೇನೂ ಗೊತ್ತಿರಲಿಲ್ಲರಿ."

ಮಾವ ದಿಂಬಿಗೆ ಒರಗಿ ಕೂತರು.

"ಗೊತ್ತಿಲ್ಲಂತ ಗೊತ್ತಿತ್ತವ್ವ. ಆವತ್ತು ನಿನ್ನ ದನಿ ನಡಗತಿತ್ತು."

"ಮತ್ತ ಯಾಕ ಕೇಳಿದ್ರಿ?"

"ಎಲ್ಲಾರೂ ಹೇಳಿ ಹೋದ್ರು. ದಿನಾ ಮಾಡಿ ಹಾಕಾಕಿ ನೀನ ಅಲ್ಲೇನು."

ಆ ವರ್ಷದ ಸುಗ್ಗಿ ಮುಗಿಯುವ ಮೊದಲೇ ಮಾವ ತೀರಿಹೋದರು. ಆ ಹತ್ತು ವರ್ಷ ಬಳ್ಳೊಳ್ಳಿ ಕೊಟ್ಟದ್ದೋ, ತುಪ್ಪ ಬಿಟ್ಟದ್ದಕ್ಕೆ ಸಿಕ್ಕದ್ದೋ, ಗುಗ್ಗುಳ ತಿಂದಿದ್ದರೆ ಇನ್ನೂ ಹತ್ತು ಇರುತ್ತಿದ್ದರೋ, ನನಗೆ ಇಂದಿಗೂ ಬಗೆಹರಿದಿಲ್ಲ. ಈಗ ಯಾರಾದರೂ ಇಂಥದ್ದು ಕೇಳಿದರೆ ಗೊತ್ತಿಲ್ಲ ಎಂದೇ ಹೇಳುತ್ತೇನೆ. ಮಾವನಿಗೆ ಮೊದಲ ದಿನವೇ ಹೇಳಬೇಕಿದ್ದ ಮಾತು. ಅದನ್ನು ನಾನು ಹೇಳದಿದ್ದರೂ ತಿಳಿದುಕೊಂಡು, ಹತ್ತು ವರ್ಷ ನಾನು ಬಡಿಸಿದ್ದನ್ನು ತಲೆಬಗ್ಗಿಸಿ ಉಂಡರು.